ತಾಂಬೂಲದ ಚೀಲದ ಮೇಲೆ ಅಜ್ಜಿ

ಮೊದಲ ಪ್ರಿಂಟು ನೋಡಿ ಅಮ್ಮ ಕೈಲಿದ್ದ ಸೌಟು ಕೆಳಗಿಟ್ಟಳು.

"ಏನೇ ಇದು, ಶ್ರದ್ಧಾಂಜಲಿ ಮಾಡಿಸಿದ್ದೀಯಾ?"

ಅವಳದ್ದು ತಪ್ಪೇನೂ ಇಲ್ಲ. ಬಿಳಿ ಎ4 ಹಾಳೆ, ನಡುವೆ ಅಜ್ಜಿಯ ಮುಖ, ಬರೀ ಕಪ್ಪು ಬಿಳುಪು. ಪೇಪರಿನ ಒಳಪುಟದಲ್ಲಿ ಬರುತ್ತಲ್ಲ, ಅದಕ್ಕೂ ಇದಕ್ಕೂ ಒಂದು ಹಾರದಷ್ಟೇ ವ್ಯತ್ಯಾಸ. ಹಾಲ್‌ನಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರಿಗೆ ಕೇಳಿಸದಿರಲಿ ಅಂತ ಹಾಳೆ ನಾಲ್ಕು ಮಡಿಕೆ ಮಾಡಿ ಬಚ್ಚಿಟ್ಟೆ.

ವಿಷಯ ಇಷ್ಟೇ. 2024ರಲ್ಲಿ ಅಜ್ಜಿಗೆ 80 ತುಂಬಿತು. ಮನೆಮಟ್ಟಿಗೆ ಒಂದು ಸತ್ಯನಾರಾಯಣ ಪೂಜೆ, ಊಟ. ಕರೆಯೋದು 60 ಮನೆಯವರನ್ನು. ಹೊರಡುವಾಗ ತಾಂಬೂಲ ಕೊಡಬೇಕು, ಅದಕ್ಕೆ ಚೀಲ ಬೇಕು. ಸಾಮಾನ್ಯವಾಗಿ ಆ ಚೀಲದ ಮೇಲೆ ಒಂದು ಗಣಪತಿ, ಹೆಸರು, ತಾರೀಖು ಇರುತ್ತೆ. ಮರುದಿನ ಅದು ಅಡುಗೆಮನೆ ಬಾಗಿಲ ಹಿಂದೆ ನೇತಾಡುವ ಚೀಲಗಳ ಚೀಲದೊಳಗೆ ಸೇರಿ ಕಣ್ಮರೆಯಾಗುತ್ತೆ. ನಮ್ಮ ಮನೆಯಲ್ಲೇ ಯಾರ್ಯಾರದೋ ಗೃಹಪ್ರವೇಶದ ಚೀಲ ಒಂದು ಡಜನ್ ಇವೆ. ಜನ ತಾವಾಗಿಯೇ ಹೊರಗೆ ತೆಗೆದು ಹೆಗಲಿಗೆ ಹಾಕಿಕೊಳ್ಳುವಂಥ ಚೀಲ ಮಾಡಬೇಕು ಅನ್ನೋದು ನನ್ನ ಆಸೆ. ಅಜ್ಜಿಯ ಹಳೇ ಫೋಟೋ, ಪಾಪ್ ಆರ್ಟ್ ಶೈಲಿಯಲ್ಲಿ. ಗುಲಾಬಿ ಮುಖ, ನೀಲಿ ಕೂದಲು, ಚುಕ್ಕಿ ಚುಕ್ಕಿ ಹಿನ್ನೆಲೆ.

ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕೇಳಿದೆ. ಚೀಲ ಸೇರಿ ಒಂದಕ್ಕೆ 140 ರೂಪಾಯಿ ಅಂದರು. 60ಕ್ಕೆ 8,400. ಅಮ್ಮ 4,000 ಕೊಟ್ಟಳು. "ಇದರ ಮೇಲೆ ಒಂದು ರೂಪಾಯಿ ಕೇಳಬೇಡ" ಅಂದಳು. ಜೊತೆಗೆ ಚಿಕ್ಕಮ್ಮನ ಮಗನನ್ನೂ ಕೊಟ್ಟಳು. ಇಂಜಿನಿಯರಿಂಗ್ ಓದುತ್ತಾನೆ, ರಜೆ, ಮಧ್ಯಾಹ್ನ ಹನ್ನೆರಡಕ್ಕೆ ಏಳುತ್ತಾನೆ. ಅದೇ ನನ್ನ ಕಾರ್ಮಿಕ ಬಲ.

ಫೋಟೋ 1962ರದ್ದು. ಮೈಸೂರಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅಜ್ಜಿಗೆ ಆಗ ಹದಿನೆಂಟು, ಮದುವೆಯಾದ ಹೊಸತು. ಅಜ್ಜಿ ಕೆತ್ತನೆಯ ಕುರ್ಚಿಯಲ್ಲಿ ಕೂತಿದ್ದಾರೆ, ತಾತ ಪಕ್ಕದಲ್ಲಿ ನಿಂತಿದ್ದಾರೆ. ಪೋಸ್ಟ್ ಕಾರ್ಡ್ ಅಳತೆಯ ಚಿತ್ರ. ತಾತ ನಿಂತ ಕಡೆಯೆಲ್ಲಾ ನೀರು ತಾಗಿ ಕಂದು ಕಲೆ. ನಡುವೆ ಮೇಲಿಂದ ಕೆಳಗೆ ಒಂದು ಮಡಿಕೆಯ ಗೆರೆ.

ಅದೇ ಫೋಟೋದಿಂದ ಅಜ್ಜಿಯನ್ನಷ್ಟೇ ದೊಡ್ಡದು ಮಾಡಿ ಬಣ್ಣ ಹಚ್ಚಿದ ಇನ್ನೊಂದು ಪ್ರತಿ ಹಾಲ್‌ನಲ್ಲಿದೆ. ಆಗ ಕಲರ್ ಫೋಟೋ ನಮ್ಮಂಥವರ ಕೈಗೆಟುಕುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಚಿತ್ರದ ಮೇಲೆ ಕುಂಚ ಹಿಡಿದು ಬಣ್ಣ ಹಚ್ಚಿಕೊಡುತ್ತಿದ್ದರು. ತುಟಿಗೆ ಕೆಂಪು, ಕೆನ್ನೆಗೆ ಗುಲಾಬಿ, ಒಡವೆಗೆ ಹಳದಿ. ಅಜ್ಜಿಯ ಸೀರೆಗೆ ಗಿಳಿಹಸಿರು ಬಳಿದಿದ್ದಾರೆ, ಹಿನ್ನೆಲೆಯಲ್ಲಿ ಬೇರೇನೂ ಕಾಣದ ಹಾಗೆ ದಪ್ಪಕ್ಕೆ ಕಂದು. ಆ ಹಸಿರಿನ ಬಗ್ಗೆ ಅಜ್ಜಿಗೆ 62 ವರ್ಷದ ಸಿಟ್ಟಿದೆ. "ಅದು ಮಾವಿನಹಣ್ಣಿನ ಬಣ್ಣದ ಸೀರೆ. ಅವನ ಹತ್ರ ಹಸಿರು ಮಿಕ್ಕಿತ್ತು ಅಂತ ಕಾಣತ್ತೆ, ಬಳಿದುಬಿಟ್ಟ."

ನನಗೆ ಖುಷಿಯಾಗಿದ್ದು ಇಸವಿ ನೋಡಿ. ಅದೇ 1962ರಲ್ಲೇ ನ್ಯೂಯಾರ್ಕ್‌ನಲ್ಲಿ ಪಾಪ್ ಆರ್ಟ್ ಕಲಾವಿದ ಆಂಡಿ ವಾರ್ಹಾಲ್ ಹಾಲಿವುಡ್ ನಟಿ ಮರ್ಲಿನ್ ಮನ್ರೋಳ ಮುಖಕ್ಕೆ ಇದೇ ಕೆಲಸ ಮಾಡುತ್ತಿದ್ದ. ಸಿನಿಮಾ ಪ್ರಚಾರದ ಒಂದು ಫೋಟೋ ತಗೊಂಡು, ಕ್ಯಾನ್ವಾಸಿಗೆ ಮೊದಲು ಬಣ್ಣ ಬಳಿದು, ಅದರ ಮೇಲೆ ಕಪ್ಪು ಬಣ್ಣದಲ್ಲಿ ಫೋಟೋ ಒತ್ತಿದ. ಒಂದೇ ಚಿತ್ರದಲ್ಲಿ 50 ಮರ್ಲಿನ್. ಅರ್ಧ ಬಣ್ಣದಲ್ಲಿ, ಅರ್ಧ ಕಪ್ಪು ಬಿಳುಪಿನಲ್ಲಿ. ತುಟಿಯ ಕೆಂಪು ತುಟಿಯ ಗೆರೆ ದಾಟಿ ಹೋಗಿರುತ್ತೆ, ಕಣ್ಣಿನ ನೀಲಿ ರೆಪ್ಪೆಯ ಮೇಲಕ್ಕೆ ಹತ್ತಿರುತ್ತೆ. ನಮ್ಮ ಹಾಲ್‌ನ ಅಜ್ಜಿಯ ತುಟಿಯೂ ಹಾಗೇ ಇದೆ. ಮೈಸೂರಿನವನು ಬಣ್ಣವನ್ನು ಅಂಚಿನೊಳಗೆ ಹಿಡಿಯಲು ನೋಡಿ ತಪ್ಪಿದ, ವಾರ್ಹಾಲ್ ತಪ್ಪಿದ್ದನ್ನು ಹಾಗೇ ಬಿಟ್ಟ, ಅಷ್ಟೇ ವ್ಯತ್ಯಾಸ ಅನಿಸಿತು.

ಮನೆಯವರಿಗೆಲ್ಲಾ ಈ ಕಥೆ ಹೇಳಿದೆ. ಮನ್ರೋ ಆ ವರ್ಷದ ಆಗಸ್ಟ್‌ನಲ್ಲಿ ಸತ್ತ ಮೇಲೆ ಆತ ಈ ಕೆಲಸಕ್ಕೆ ಕೈ ಹಾಕಿದ್ದು ಅನ್ನೋದನ್ನು ಮಾತ್ರ ಬಾಯಿ ಬಿಡಲಿಲ್ಲ. ಶ್ರದ್ಧಾಂಜಲಿ ಗಲಾಟೆ ಆದ ಮೇಲಂತೂ ಬಿಡುವ ಹಾಗೇ ಇರಲಿಲ್ಲ.

ಇನ್ನು ಕೆಲಸ. ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಫೋಟೋವನ್ನು ಮೊಬೈಲಲ್ಲಿ ಹಿಡಿದು, ಪಾಪ್ ಆರ್ಟ್ ಮಾಡಿಕೊಡುತ್ತೇವೆ ಅನ್ನುವ ಒಂದು ಆ್ಯಪ್‌ಗೆ ಹಾಕಿದೆ. ಎರಡೇ ಸೆಕೆಂಡಿಗೆ ನಾಲ್ಕು ಬಣ್ಣದ ನಾಲ್ಕು ಅಜ್ಜಿ ಬಂದರು. ಫೋನಲ್ಲಿ ಚೆನ್ನಾಗಿಯೇ ಇತ್ತು. ಆದರೆ ಚಿತ್ರದ ಅಗಲ 1,080 ಪಿಕ್ಸೆಲ್. ಎಂಟು ಇಂಚು ಅಗಲಕ್ಕೆ ಇಂಚಿಗೆ 300ರಂತೆ ಅಚ್ಚಾಗಬೇಕು ಅಂದರೆ 2,400 ಪಿಕ್ಸೆಲ್ ಬೇಕು. ಮೇಲಾಗಿ ಫೋಟೋದ ಹೊಳಪಿನಲ್ಲಿ ನನ್ನ ಟ್ಯೂಬ್‌ಲೈಟ್ ಅಜ್ಜಿಯ ಹಣೆಯ ಮೇಲೆ ವಿಭೂತಿ ಥರ ಬಂದಿತ್ತು.

ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ 40 ರೂಪಾಯಿಗೆ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿಸಿದೆ. ಈ ಇಡೀ ಕೆಲಸದಲ್ಲಿ ಅತ್ಯಂತ ಲಾಭದ 40 ರೂಪಾಯಿ ಅದು. ಸ್ಕ್ಯಾನ್ ಸರಿ ಇಲ್ಲದಿದ್ದರೆ ಮುಂದೆ ಏನು ಸರ್ಕಸ್ ಮಾಡಿದರೂ ಮುಖ ಬರೋದಿಲ್ಲ.

ಆಮೇಲೆ ಗಿಂಪ್. ದುಡ್ಡು ಕೊಡಬೇಕಿಲ್ಲದ ಸಾಫ್ಟ್‌ವೇರ್. ಬೇಕಾದ ಭಾಗ ಕತ್ತರಿಸಿದೆ. ತಾತನನ್ನು ಬಿಡಬೇಕಾಯಿತು. ಆ ಕಡೆ ಕಲೆ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ, ಎರಡು ಮುಖ ಹಿಡಿಸುವಷ್ಟು ಚೀಲವೂ ದೊಡ್ಡದಲ್ಲ. ಆಮೇಲೆ 'ಥ್ರೆಶೋಲ್ಡ್' ಅನ್ನುವ ಒಂದು ಆಯ್ಕೆ. ಕಪ್ಪು ಬಿಳುಪು ಚಿತ್ರದ ಪ್ರತಿ ಚುಕ್ಕಿಗೂ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತೆ. 0 ಅಂದರೆ ಕಪ್ಪು, 255 ಅಂದರೆ ಬಿಳಿ. ನಡುವೆ ಎಲ್ಲಾದರೂ ಒಂದು ಗೆರೆ ಎಳೆದರೆ, ಕೆಳಗಿನದೆಲ್ಲಾ ಕಡು ಕಪ್ಪು, ಮೇಲಿನದೆಲ್ಲಾ ಅಪ್ಪಟ ಬಿಳಿ. ಬೂದು ಅನ್ನೋದೇ ಇರಲ್ಲ. ಪಾಪ್ ಆರ್ಟಿನ ಆ ಗಟ್ಟಿ ನೋಟ ಬರೋದು ಇದರಿಂದ.

ಆ ಗೆರೆ ಎಲ್ಲಿ ಎಳೆಯೋದು ಅನ್ನೋದರಲ್ಲಿ ಮೂರು ಸಂಜೆ ಹೋಯಿತು. 90ಕ್ಕೆ ಇಟ್ಟರೆ ಅಜ್ಜಿಗೆ ಮೂಗೇ ಇಲ್ಲ. 140ಕ್ಕೆ ಇಟ್ಟರೆ ಅರ್ಧ ಮುಖಕ್ಕೆ ಮಸಿ. ಸ್ಟುಡಿಯೋದವನು ದೀಪವನ್ನು ಒಂದೇ ಕಡೆಯಿಂದ ಬಿಟ್ಟಿದ್ದಾನೆ. ಕೊನೆಗೆ ಮುಖದ ಬೆಳಕಿನ ಕಡೆಗೆ ಒಂದು ಅಂಕಿ, ನೆರಳಿನ ಕಡೆಗೆ ಇನ್ನೊಂದು ಅಂಕಿ ಇಟ್ಟು ಎರಡನ್ನೂ ಸೇರಿಸಿದೆ. ಕಣ್ಣು ಬಂತು, ತುಟಿ ಬಂತು, ಜಡೆ ಬಂತು. ಆದರೂ ಅದು ಅಜ್ಜಿ ಅಲ್ಲ. ಯಾರೋ ಹಳೇ ಸಿನಿಮಾದ ಹುಡುಗಿ.

"ಮೂಗುಬೊಟ್ಟು ಎಲ್ಲಿ?" ಅಂದ ತಮ್ಮ, ಚಹಾ ಹಿಡಿದುಕೊಂಡು ಬಂದವನು.

ಅದೇ ನೋಡಿ. ಮೂಗುಬೊಟ್ಟು ಬೆಳಕಿಗೆ ಹೊಳೆದಿತ್ತು, ಬಿಳಿ ಕೆನ್ನೆಯ ಜೊತೆ ಸೇರಿ ಕರಗಿಹೋಗಿತ್ತು. ಒಂದು ಕಪ್ಪು ಬಟ್ಟು, ಅದರೊಳಗೆ ಬಿಳಿ ಚುಕ್ಕಿ, ಕೈಯಾರೆ ಬಿಡಿಸಿದೆ. ತಕ್ಷಣ ಅಜ್ಜಿ ಬಂದು ಕೂತರು. ಆವತ್ತು ಪ್ರಿಂಟ್ ತೆಗೆದು ಅಮ್ಮನಿಗೆ ತೋರಿಸಿದ್ದು, ಸೌಟು ಕೆಳಗಿಟ್ಟಿದ್ದು.

ಇದನ್ನು ಇಂಕ್‌ಸ್ಕೇಪ್‌ನಲ್ಲಿ ಗೆರೆಗಳಾಗಿ ಬದಲಿಸಿದೆ. ಅದೂ ಪುಕ್ಕಟೆಯೇ. ಸಣ್ಣ ಪುಟ್ಟ ಚುಕ್ಕಿ, ಧೂಳಿನ ಗುರುತು ಎಲ್ಲಾ ಅಳಿಸಿದೆ. ಎಡ ಭುಜದ ಪಕ್ಕ, ಮಡಿಕೆಯ ಗೆರೆಯ ಹತ್ತಿರ, ಕುರ್ಚಿಯ ಅಂಚಿನಲ್ಲಿ ನಾಲ್ಕು ಗಿಡ್ಡ ಪಟ್ಟಿ ಇದ್ದವು. ಕುರ್ಚಿಯ ಕೆತ್ತನೆ ಇರಬೇಕು ಅಂದುಕೊಂಡೆ. ಆ ಮೂಲೆ ತೀರಾ ಖಾಲಿ ಕಾಣುತ್ತಿತ್ತು, ಇರಲಿ ಅಂತ ಬಿಟ್ಟೆ.

ಈಗ ಇದನ್ನು ಬಟ್ಟೆಗೆ ಇಳಿಸೋದು ಹೇಗೆ?

ಮೊದಲ ಯೋಚನೆ ಇಸ್ತ್ರಿ ಪೇಪರ್. ಟ್ರಾನ್ಸ್‌ಫರ್ ಶೀಟಿನ ಮೇಲೆ ಕನ್ನಡಿಬಿಂಬದಂತೆ ತಿರುವಿ ಪ್ರಿಂಟ್ ಮಾಡಿ, ಚೀಲದ ಮೇಲಿಟ್ಟು ಇಸ್ತ್ರಿ ಹಾಕೋದು. ಐದು ಶೀಟಿಗೆ 150. ಚೀಲದಲ್ಲೂ ಜಾಣತನ ತೋರಿಸಲು ಹೋಗಿದ್ದೆ. ಎಂಟು ರೂಪಾಯಿಯ, ಬಟ್ಟೆ ಥರ ಕಾಣುವ ಚೀಲ ಹತ್ತು ತಂದಿದ್ದೆ. ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್. ಪ್ಲಾಸ್ಟಿಕ್ಕೇ. ಸುಮಾರು 160 ಡಿಗ್ರಿಗೆ ಕರಗುತ್ತೆ. ಹತ್ತಿ ಬಟ್ಟೆಯ ಗುರುತಿನಲ್ಲಿಟ್ಟ ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತೆ. ಅಜ್ಜಿಯ ಹಣೆಯಿಂದ ಗಲ್ಲದವರೆಗೆ ಒಂದು ತೂತು ಬಿತ್ತು. ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಅಂಟಿದ್ದನ್ನು ಕೆರೆಯುತ್ತಾ ಅರ್ಧ ದಿನ ಹೋಯಿತು. ಮಸಿಯನ್ನು ಬಿಸಿಯಿಂದ ಆವಿ ಮಾಡಿ ಬಟ್ಟೆಗೆ ಇಳಿಸುವ ಸಬ್ಲಿಮೇಶನ್ ಪ್ರಿಂಟಿಂಗ್‌ಗೂ ಇಂಥ ಚೀಲ ಆಗಲ್ಲ, ಅದಕ್ಕೂ ಬಿಸಿ ಬೇಕು. ಹತ್ತಿ ಚೀಲಕ್ಕೂ ಸಬ್ಲಿಮೇಶನ್ ಹಿಡಿಯಲ್ಲ, ಅದಕ್ಕೆ ಪಾಲಿಯೆಸ್ಟರ್ರೇ ಆಗಬೇಕು. ಇದೆಲ್ಲಾ ಚೀಲ ಕೊಳ್ಳೋ ಮೊದಲು ಗೊತ್ತಿರಬೇಕಿತ್ತು, ಬಿಡಿ.

ದಾರಿ ತೋರಿಸಿದ್ದು ಆಟೋ. ಸಿಗ್ನಲ್ಲಿನಲ್ಲಿ ನಿಂತಿದ್ದೆ. ಮುಂದಿನ ಆಟೋ ಹಿಂಭಾಗದಲ್ಲಿ ಶಂಕರ್ ನಾಗ್. ಅವರು ತೀರಿಕೊಂಡಿದ್ದು 1990ರಲ್ಲಿ, ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಇವತ್ತಿಗೂ ಓಡಾಡುತ್ತಿದ್ದಾರೆ. ಗುಂಗುರು ಕೂದಲು, ಮೀಸೆ, ಕಣ್ಣು. ಕೆನ್ನೆ ಇಲ್ಲ, ಗಲ್ಲದ ಗೆರೆ ಇಲ್ಲ. ಆದರೂ ಯಾರು ಅಂತ ಯಾರಿಗೂ ಕೇಳಬೇಕಿಲ್ಲ. ನಾನು ಮೂರು ಸಂಜೆ ಕೂತು ಮಾಡಿದ್ದು ಇದೇ ಅಲ್ವಾ! ಇದನ್ನು ಕತ್ತರಿಸಿ ಕೊಡುವವರು ಊರು ತುಂಬಾ ಇದ್ದಾರೆ. ರೇಡಿಯಂ ಸ್ಟಿಕ್ಕರ್ ಅಂಗಡಿಯವರು.

ಜೆ.ಸಿ. ರಸ್ತೆಯ ಒಂದು ಸಣ್ಣ ಅಂಗಡಿಗೆ ಹೋದೆ. ನಂಬರ್ ಪ್ಲೇಟು, ದೇವರ ಹೆಸರು, ಪ್ರೀತಿಯ ಹೆಸರು, ಎಲ್ಲಾ ನೇತು ಹಾಕಿದ್ದರು. "ಕೋರಲ್ ಫೈಲ್ ಇದ್ಯಾ?" ಅಂದ ಹುಡುಗ. ಕೋರಲ್ ಅಂದರೆ ಅವರು ಡಿಸೈನ್ ಮಾಡುವ ಸಾಫ್ಟ್‌ವೇರ್. ನನ್ನದು ಬೇರೆ ಥರದ ಫೈಲ್. ಅವನೇ ಕೋರಲ್‌ಗೆ ಎಳೆದುಕೊಂಡ. ನೋಡಿ ತಲೆ ಆಡಿಸಿದ. "ಚೆನ್ನಾಗಿ ಮಾಡಿದೀರ ಮೇಡಂ. ಮುಖ ಅಂದ್ರೆ ಕಣ್ಣು, ಹುಬ್ಬು, ಮೂಗಿನ ಕೆಳಗಿನ ನೆರಳು. ಅಷ್ಟು ಸಿಕ್ಕಿದ್ರೆ ಸಾಕು. ಜನ ಎಲ್ಲಾ ಬೇಕು ಅಂತಾರೆ, ಕಟಿಂಗ್ ಹಾಳಾಗತ್ತೆ." ಆಮೇಲೆ ಆ ನಾಲ್ಕು ಪಟ್ಟಿಯ ಮೇಲೆ ಬಾಣ ನಿಲ್ಲಿಸಿ, "ಇದು ಕಸ, ತೆಗೆದುಬಿಡಲಾ?" ಅಂದ. ಬೇಡ ಅಂದೆ. ಒಂದು ಹೆಚ್ಚುವರಿ ಸೇರಿ ಎರಡು ಪ್ರತಿಗೆ 180 ರೂಪಾಯಿ ತಗೊಂಡ.

ಕಪ್ಪು ಇರಬೇಕಾದ ಜಾಗದಲ್ಲೆಲ್ಲಾ ಸ್ಟಿಕ್ಕರ್ ಕಿತ್ತು ತೆಗೆಯಬೇಕು. ಆಗ ಅದು ಅಚ್ಚು. ಆದರೆ ಸ್ಟಿಕ್ಕರನ್ನು ನೇರ ಬಟ್ಟೆಗೆ ಅಂಟಿಸಿದರೆ ನಾಲ್ಕೈದು ಚೀಲಕ್ಕೆ ಅಂಟು ಹೋಗುತ್ತೆ, ನೂಲು ಹಿಡಿದುಕೊಳ್ಳುತ್ತೆ. ಅರವತ್ತಕ್ಕೆ ಹದಿನೈದು ಸ್ಟಿಕ್ಕರ್ ಬೇಕು. ಆಗ ನೆನಪಾದವರು ನಮ್ಮ ರಸ್ತೆಯ ಕೊನೆ ಮನೆ ಅಂಕಲ್. ಬಹಳ ವರ್ಷ ಮದುವೆ ಕಾರ್ಡುಗಳ ಸ್ಕ್ರೀನ್ ಪ್ರಿಂಟಿಂಗ್ ಮಾಡಿದವರು. ಈಗ ಮೊಮ್ಮಗನನ್ನು ಶಾಲೆಗೆ ಬಿಡೋದು, ಕರೆತರೋದು.

"ಸ್ಟಿಕ್ಕರ್ ಬಟ್ಟೆಗಲ್ಲಮ್ಮ, ಪರದೆಗೆ ಅಂಟಿಸು" ಅಂದರು. ಹಳೇ ಫೋಟೋ ಫ್ರೇಮಿನ ಗಾಜು ತೆಗೆಸಿದರು. ಅದಕ್ಕೆ ಜಾಲರಿಯಂಥ ತೆಳು ಆರ್ಗನ್ಜಾ ಬಟ್ಟೆಯನ್ನು ತಮಟೆ ಹಾಗೆ ಬಿಗಿಯಾಗಿ ಎಳೆದು ಪಿನ್ನು ಹೊಡೆಸಿದರು. ಒಂದು ಮೀಟರಿಗೆ 70 ರೂಪಾಯಿ, ಚಿಕ್ಕಪೇಟೆಯಲ್ಲಿ. ರೇಷ್ಮೆ ಪರದೆಯ ಬದಲು ಆರ್ಗನ್ಜಾ. ಅದರ ಕೆಳಭಾಗಕ್ಕೆ ಸ್ಟಿಕ್ಕರ್ ಅಂಟಿಸಿ, ಅಂಚಿಗೆಲ್ಲಾ ಬ್ರೌನ್ ಟೇಪ್. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಹಾಳೆ ಕತ್ತರಿಸಿ ಅಚ್ಚು ಮಾಡಿದರೆ ಕಣ್ಣೊಳಗಿನ ಬಿಳಿ ಚುಕ್ಕಿ, ಮೂಗುಬೊಟ್ಟಿನ ನಡುವಿನ ಚುಕ್ಕಿ ಇವೆಲ್ಲಾ ಉದುರಿ ಹೋಗುತ್ತವೆ. ಪರದೆಯ ಮೇಲಾದರೆ ಎಲ್ಲಿದ್ದದ್ದು ಅಲ್ಲೇ ಇರುತ್ತೆ.

ಚೀಲ ಈ ಸಲ ಸರಿಯಾದ್ದೇ ತಂದೆ. ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ಕೋರಾ ಬಟ್ಟೆಯ ಚೀಲ, 32 ರೂಪಾಯಿಯಂತೆ 65. ಒಟ್ಟು 2,080, ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಯಿತು. ಅಷ್ಟನ್ನೂ ಮೊದಲು ಒಗೆಯಬೇಕು, ಯಾಕಂದರೆ ಕೋರಾ ಬಟ್ಟೆಯಲ್ಲಿ ಗಂಜಿ ಇರುತ್ತೆ, ಬಣ್ಣ ಒಳಗೆ ಇಳಿಯಲು ಬಿಡಲ್ಲ. ತಾರಸಿ ಮೇಲೆ 65 ಚೀಲ ಒಣಗಿದ್ದು ನೋಡಿ ಪಕ್ಕದ ಮನೆಯವರು ಅಂಗಡಿ ಶುರು ಮಾಡಿದ್ರಾ ಅಂತ ಕೇಳಿದರು.

ಇಷ್ಟರಲ್ಲಿ ದೊಡ್ಡಮ್ಮನ ಫೋನು. ಅಮ್ಮ ಸ್ಪೀಕರಿಗೆ ಹಾಕಿದಳು. "ಅಲ್ಲಾ, ಹಿರಿಯರ ಮುಖ ಇರೋ ಚೀಲ. ಜನ ಅದನ್ನ ನೆಲಕ್ಕಿಡ್ತಾರೆ, ಕಾಲು ತಾಕತ್ತೆ. ನಾಳೆ ಅದರಲ್ಲಿ ಈರುಳ್ಳಿ ತರ್ತಾರೆ. ಅತ್ತೆ ಮುಖದ ಮೇಲೆ ಈರುಳ್ಳಿ ಸಿಪ್ಪೆನಾ?" ಮಾತಲ್ಲಿ ಹುರುಳಿತ್ತು. ನನಗೂ ಒಂದು ಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ.

ಹಾಲ್‌ನಿಂದ ಅಜ್ಜಿಯೇ ಹೇಳಿದರು. "ತರಲಿ ಬಿಡೇ. ನನ್ನನ್ನಂತೂ ಯಾರೂ ಮಾರ್ಕೆಟ್ಟಿಗೆ ಕರ್ಕೊಂಡು ಹೋಗಲ್ಲ. ಹೀಗಾದ್ರೂ ಹೋಗಿಬರ್ತೀನಿ."

ಅಲ್ಲಿಗೆ ಆ ವಿಷಯ ಮುಗಿಯಿತು.

ಬಣ್ಣ ಹಚ್ಚೋದು ವಾರ್ಹಾಲ್ ಕ್ರಮದಲ್ಲೇ. ಮೊದಲು ಬಣ್ಣ, ಕೊನೆಗೆ ಕಪ್ಪು. ಮುಖದ ಆಕಾರ, ಸೀರೆಯ ಆಕಾರ, ಕೂದಲಿನ ಆಕಾರ, ಮೂರನ್ನೂ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದೆವು. ಫ್ಯಾಬ್ರಿಕ್ ಪೇಂಟನ್ನು ಸ್ಪಂಜಿನಿಂದ ಒತ್ತಿದೆವು. ಕುಂಚ ಉಪಯೋಗಿಸಿದರೆ ಬಣ್ಣ ಹಾಳೆಯ ಕೆಳಗೆ ನುಗ್ಗುತ್ತೆ. ಸ್ಪಂಜಿನಲ್ಲೂ ಬಣ್ಣ ತುಂಬಾ ಇರಬಾರದು, ಒಂದು ಸಲ ಪೇಪರಿನ ಮೇಲೆ ಒತ್ತಿ ಆಮೇಲೆ ಚೀಲಕ್ಕೆ. ನಾಲ್ಕು ಬಣ್ಣದ ಜೋಡಿ ಮಾಡಿದೆವು. ಒಂದರಲ್ಲಿ ಮುಖ ಗುಲಾಬಿ, ಒಂದರಲ್ಲಿ ಕಿತ್ತಳೆ, ಒಂದರಲ್ಲಿ ನೀಲಿ, ಒಂದರಲ್ಲಿ ನೇರಳೆ. ಸೀರೆ ಮಾತ್ರ ನಾಲ್ಕರಲ್ಲೂ ಮಾವಿನಹಣ್ಣಿನ ಬಣ್ಣ. ಅದೊಂದು ಹಳೇ ಬಾಕಿ ಇತ್ತು. ಹಳದಿಗೆ ಚೂರೇ ಚೂರು ಕೆಂಪು ಸೇರಿಸಿ, ಅಜ್ಜಿಗೆ ಬಟ್ಟೆ ತುಂಡಿನಲ್ಲಿ ತೋರಿಸಿ, ಇನ್ನೂ ಸ್ವಲ್ಪ ಕೆಂಪು ಅಂತ ಮೂರು ಸಲ ವಾಪಸ್ ಕಳಿಸಿದ ಮೇಲೆ ಒಪ್ಪಿಗೆ ಸಿಕ್ಕಿತು.

ಹಿನ್ನೆಲೆಯ ಚುಕ್ಕಿಗೆ ಒಂದು ಸುಲಭ ಉಪಾಯ ಸಿಕ್ಕಿತು. ಕಾಮಿಕ್ಸ್ ಪುಸ್ತಕಗಳಲ್ಲಿ ಕಡಿಮೆ ಖರ್ಚಿನಲ್ಲಿ ಬಣ್ಣ ತರಲು ಸಣ್ಣ ಸಣ್ಣ ಚುಕ್ಕಿ ಒತ್ತುತ್ತಿದ್ದರು. ಬೆಂಜಮಿನ್ ಡೇ ಅನ್ನುವ ಅಮೆರಿಕದ ಮುದ್ರಕನ ಹೆಸರಲ್ಲಿ ಅದಕ್ಕೆ ಬೆನ್ ಡೇ ಚುಕ್ಕಿ ಅಂತಾರೆ, 1879ರಿಂದ ಇರುವ ವಿಧಾನ. ಪಾಪ್ ಆರ್ಟಿನ ಇನ್ನೊಬ್ಬ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಅದೇ ಚುಕ್ಕಿಗಳನ್ನು ದೊಡ್ಡ ಕ್ಯಾನ್ವಾಸಿಗೆ ಹಾಕಿ ಹೆಸರಾದ. ಗಿಂಪ್‌ನಲ್ಲೂ ಪೇಪರಿನ ಚುಕ್ಕಿ ತರುವ ಫಿಲ್ಟರ್ ಇದೆ. ಆದರೆ ಅಷ್ಟು ಚಿಕ್ಕ ಚುಕ್ಕಿಯನ್ನು ಸ್ಟಿಕ್ಕರಿನಲ್ಲಿ ಒಂದೊಂದಾಗಿ ಕೀಳಬೇಕು ಅಂದರೆ ಪೂಜೆ ಮುಂದಿನ ವರ್ಷವೇ. ಹೊಸ ಮಿಕ್ಸಿ ಸುತ್ತಿ ಬಂದಿದ್ದ ಗುಳ್ಳೆ ಪ್ಲಾಸ್ಟಿಕ್ ಮನೆಯಲ್ಲಿತ್ತು. ತಮ್ಮ ಅದನ್ನು ಪಟ್ ಪಟ್ ಒಡೆಯುತ್ತಾ ಕೂತಿದ್ದ. ಕಿತ್ತುಕೊಂಡು ಬಣ್ಣ ಸವರಿ ಚೀಲಕ್ಕೆ ಒತ್ತಿದೆ. ಸಾಲು ಸಾಲಾಗಿ ಚುಕ್ಕಿ! ಖರ್ಚು ಸೊನ್ನೆ. ಅವನು ಒಡೆದಿದ್ದ ಕಡೆ ಮಾತ್ರ ಖಾಲಿ.

ಕಪ್ಪು ಒತ್ತುವ ದಿನ ಅಂಕಲ್ ಖುದ್ದು ಬಂದು ಕುರ್ಚಿ ಹಾಕಿಕೊಂಡು ಕೂತರು. ಪರದೆಯ ಮೇಲೆ ಮಸಿ ಎಳೆಯುವ ರಬ್ಬರ್ ಪಟ್ಟಿಯ ಬದಲು ನನ್ನ ಅವಧಿ ಮುಗಿದ ಎಟಿಎಂ ಕಾರ್ಡು. ನನ್ನ ಮೊದಲ ಚೀಲ ನೋಡಿ ಅಂಕಲ್ ನಕ್ಕರು. ಮಸಿ ಹರಡಿ ಅಜ್ಜಿಗೆ ಗಡ್ಡ ಬಂದಿತ್ತು. ಪರದೆ ಬಟ್ಟೆಗೆ ಪೂರ್ತಿ ತಾಗಿಕೊಂಡಿರಬಾರದಂತೆ. ಫ್ರೇಮಿನ ನಾಲ್ಕು ಮೂಲೆಗೂ ಒಂದೊಂದು ನಾಣ್ಯ ಇಡಿಸಿದರು. ಕಾರ್ಡು ಎಳೆದ ಜಾಗದಲ್ಲಷ್ಟೇ ಪರದೆ ಬಟ್ಟೆಗೆ ತಾಗಿ ಹಿಂದೆಯೇ ಮೇಲೇಳಬೇಕು. ಕಾರ್ಡು ಓರೆಯಾಗಿ ಹಿಡಿದು, ಒಂದೇ ಏಟಿಗೆ, ಒಂದೇ ಒತ್ತಡದಲ್ಲಿ. "ಮತ್ತೆ ಮತ್ತೆ ಎಳೀಬೇಡ, ಅದೇನು ದೋಸೆ ಕಾವಲಿನಾ?" ಚೀಲದೊಳಗೆ ರಟ್ಟು ಇಡಲು ಮರೆತಿದ್ದಕ್ಕೆ ಇನ್ನೊಂದು ಬೈಗುಳ. ಒಂದು ಕಡೆಯ ಅಜ್ಜಿ ಹಿಂಬದಿಗೂ ಇಳಿದಿದ್ದರು.

ಬಿಸಿಲಿಗೆ ಪರದೆಯಲ್ಲೇ ಬಣ್ಣ ಒಣಗುತ್ತಿತ್ತು. ತೂತು ಕಟ್ಟಿಕೊಂಡರೆ ಚಿತ್ರ ಮಂಕಾಗುತ್ತೆ. ಹತ್ತು ಚೀಲಕ್ಕೊಮ್ಮೆ ತೊಳೆಯೋದು, ಒರೆಸೋದು. 30ರ ಆಸುಪಾಸಿಗೆ ಸ್ಟಿಕ್ಕರಿನ ಅಂಚು ಏಳತೊಡಗಿತು. ಎರಡನೇ ಪ್ರತಿ ಮಾಡಿಸಿದ್ದು ಆಗ ಕೆಲಸಕ್ಕೆ ಬಂತು. ನಡುವೆ ಕೆಲವು ಚೀಲದಲ್ಲಿ ಅಜ್ಜಿ ಅರ್ಧ ಮಾಸಿಹೋದಂತೆ ಬಂದರು. ತಮ್ಮ ಫೋನಲ್ಲಿ ವಾರ್ಹಾಲ್‌ನ ಮರ್ಲಿನ್ ತೆಗೆದು ತೋರಿಸಿದ. ಬಲಗಡೆಯ ಸಾಲುಗಳಲ್ಲಿ ಅವಳೂ ಹಾಗೇ ಮಾಸುತ್ತಾ ಹೋಗುತ್ತಾಳೆ. "ನೋಡಕ್ಕಾ, ಇದು ತಪ್ಪಲ್ಲ, ಆರ್ಟ್." ಅಂಕಲ್ ಕನ್ನಡಕ ಏರಿಸಿ ನೋಡಿ, "ಇದನ್ನ ನಾನು ಪಾರ್ಟಿಗೆ ಕೊಟ್ಟಿದ್ರೆ ದುಡ್ಡು ಕೊಡ್ತಿರಲಿಲ್ಲ" ಅಂದರು.

ಸಂಜೆ ಆರಕ್ಕೆ ಮುಗಿಯಿತು. ಮೂರು ಚೀಲ ಕೆಟ್ಟವು, 62 ಉಳಿದವು. ಮರುದಿನ ಉಲ್ಟಾ ಮಾಡಿ ಹಿಂಬದಿಯಿಂದ ಇಸ್ತ್ರಿ ಹಾಕಿದೆವು. ಬಣ್ಣ ಕೂರೋದು ಈ ಬಿಸಿಗೇ.

ಮೊಮ್ಮಕ್ಕಳಿಗೆ ಅಂತ ಬ್ಯಾಡ್ಜು, ಓಲೆ ಕೂಡ ಮಾಡಿದೆವು. ಅದರ ಕಥೆ ಚಿಕ್ಕದು. ಬ್ಯಾಡ್ಜಿಗೆ ಮೆಷಿನ್ ಇರುವ ಅಂಗಡಿಯಲ್ಲೇ ಒತ್ತಿಸಿದ್ದು, 58 ಮಿ.ಮೀ. ಅಳತೆ, 15 ರೂಪಾಯಿಯಂತೆ ಇಪ್ಪತ್ತು. ಬ್ಯಾಡ್ಜಿನ ಅಂಚಿನ ಕಾಗದ ಹಿಂದಕ್ಕೆ ಮಡಚಿಕೊಳ್ಳುತ್ತೆ ಅನ್ನೋದು ನನಗೆ ಹೊಳೆದಿರಲಿಲ್ಲ. ಮೊದಲ ಬ್ಯಾಡ್ಜಿನಲ್ಲಿ ಅಜ್ಜಿಯ ತಲೆಯ ಹೂವು ಹಿಂಭಾಗದಲ್ಲಿತ್ತು. ಚಿತ್ರ ಚಿಕ್ಕದು ಮಾಡಿ ಸುತ್ತ ಬರೀ ಬಣ್ಣ ಬಿಟ್ಟ ಮೇಲೆ ಸರಿಹೋಯಿತು.

ಓಲೆಗೆ ರಾಜಾ ಮಾರ್ಕೆಟ್ಟಿನಿಂದ ಕೊಕ್ಕೆ, ಮರದ ಪುಡಿಯ ಸಣ್ಣ ಬಿಲ್ಲೆ, ಒಂದು ಪುಟ್ಟ ಸೀಸೆ ಯುವಿ ರೆಸಿನ್ (ಯುವಿ ಬೆಳಕಿಗೆ ಗಾಜಿನಂತೆ ಗಟ್ಟಿಯಾಗುವ ದ್ರವ), ಎಲ್ಲಾ ಸೇರಿ 330. ಮನೆಯ ಇಂಕ್‌ಜೆಟ್ ಪ್ರಿಂಟು ಅಂಟು ಸವರಿದ ಕೂಡಲೇ ಕಲಸಿಹೋಯಿತು. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟಿಗೆ ಏನೂ ಆಗಲಿಲ್ಲ, ಅದು ನೀರಿನಲ್ಲಿ ಕರಗುವ ಮಸಿ ಅಲ್ಲ. ರೆಸಿನ್ ಗಟ್ಟಿಯಾಗಲು ಯುವಿ ದೀಪ ಕೊಳ್ಳುವ ಬದಲು ಬಿಸಿಲಿಗಿಟ್ಟೆ. ಕೈಗೆ ಗ್ಲೌಸ್ ಹಾಕಿಕೊಂಡಿದ್ದೆ, ಅದು ಚರ್ಮಕ್ಕೆ ತಾಗಬಾರದು. ಗಟ್ಟಿಯಾಯಿತು. ಒಂದು ಇರುವೆ ಅಜ್ಜಿಯ ಕೆನ್ನೆಯ ಮೇಲೆ ಹಾಗೇ ಉಳಿದುಬಿಟ್ಟಿತು. ಆ ಜೋಡಿ ನಾನೇ ಹಾಕಿಕೊಳ್ಳುತ್ತೇನೆ.

ಬಣ್ಣಗಳಿಗೆ 710 ರೂಪಾಯಿ ಆಗಿತ್ತು. ಎಲ್ಲಾ ಕೂಡಿಸಿದರೆ 3,940. ಮಿಕ್ಕ 60 ರೂಪಾಯಿಯನ್ನು ಅಮ್ಮನಿಗೆ ಲೆಕ್ಕದ ಚೀಟಿ ಸಮೇತ ಕೊಟ್ಟೆ. ಇಸ್ತ್ರಿಪೆಟ್ಟಿಗೆಯ ವಿಷಯ ಚೀಟಿಯಲ್ಲಿರಲಿಲ್ಲ.

ಪೂಜೆಯ ಹಿಂದಿನ ರಾತ್ರಿ ಹಾಲ್‌ನಲ್ಲಿ ಚೀಲಗಳನ್ನು ಸಾಲಾಗಿ ಹರಡಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ತುಂಬುತ್ತಿದ್ದೆವು. ಮುಗಿದ ಚೀಲ ಅಜ್ಜಿ ನೋಡಿದ್ದು ಆಗಲೇ. ಒಂದು ಎತ್ತಿಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು. ಮುಖ ನೀಲಿ ಇದ್ದ ಚೀಲ. ಏನನ್ನುತ್ತಾರೋ ಅಂತ ನಾವು ಕಾಯುತ್ತಿದ್ದೆವು. ಅವರು ನೀಲಿಯ ಬಗ್ಗೆ ಏನೂ ಹೇಳಲಿಲ್ಲ. ಭುಜದ ಪಕ್ಕದ ಆ ನಾಲ್ಕು ಪಟ್ಟಿಯ ಮೇಲೆ ಉಗುರಿಟ್ಟು ನಿಂತರು.

"ಕುರ್ಚಿ ಕೆತ್ತನೆ ಅಜ್ಜಿ" ಅಂದೆ.

"ಯಾವ ಕೆತ್ತನೆ? ಇದು ಅವರ ಬೆರಳು ಕಣೇ."

ಅಮ್ಮ ಅಡಿಕೆ ಎಣಿಸೋದು ನಿಲ್ಲಿಸಿದಳು.

"ಸ್ಟುಡಿಯೋದವನು ಭುಜದ ಮೇಲೆ ಕೈ ಇಡಿ ಸ್ವಾಮಿ ಅಂದ. ಇವರಿಗೆ ನಾಚಿಕೆ. ಕುರ್ಚಿ ಮೇಲೆ ಇಟ್ಕೊಂಡ್ರು. ಮದುವೆಯಾಗಿ ಆರು ದಿನ ಆಗಿತ್ತು."

ಆಮೇಲೆ ಅಜ್ಜಿ ಮಣೆ ಎಳೆದುಕೊಂಡು ಕೂತರು. ಒಂದೊಂದೇ ಚೀಲ ಎತ್ತಿ, ಮುಖದ ಕಡೆ ನೋಡದೆ ಆ ಮೂಲೆಯನ್ನಷ್ಟೇ ನೋಡಿ, ಬಲಕ್ಕೊಂದು ಎಡಕ್ಕೊಂದು ಹಾಕತೊಡಗಿದರು. ಎಡಗಡೆ ರಾಶಿ ಬೆಳೆಯುತ್ತಿದ್ದದ್ದು ನೋಡಿ ಅಮ್ಮನಿಗೆ ಗಾಬರಿ. ಕರೆದಿರೋದು 60 ಮನೆ, ಇರೋದು 62 ಚೀಲ. ಯಾಕಮ್ಮಾ, ಇದಕ್ಕೇನಾಗಿದೆ, ಚೆನ್ನಾಗೇ ಇದೆಯಲ್ಲ ಅಂತ ಒಂದನ್ನು ಎತ್ತಿ ತೋರಿಸಿದಳು.

"ಅದು ಬೇಡ" ಅಂದರು ಅಜ್ಜಿ. "ಅದರಲ್ಲಿ ಮೂರೇ ಬೆರಳು ಬಂದಿದೆ."